ಪೆನ್ಸಿಲಿನ ನಲವತ್ತೊಂದು

ಇಬ್ಬರನ್ನೂ ಅಳೆದವಳು ನಾನೇ.
ರೂವಿಯ ಕ್ಲಿನಿಕ್ಕಿಗೆ ಕಾರ್ಡಿನ ತಪಾಸಣೆಗೆ ಬಂದಾಗ
ಗೋಡೆಯ ಅಳತೆಪಟ್ಟಿ ಆರೂವರೆ ಅಡಿಗೇ ಮುಗಿದಿತ್ತು.
ಇದ್ರಿಸನಿಗೆ ಅದರ ಮೇಲೆ ಮೂರು ಬೆರಳು,
ಹೆರಾಲ್ಡನಿಗೆ ಒಂದೂವರೆ.
ಸ್ಟೂಲು ಹತ್ತಿ ಅಳೆದೆ. ನಾನು ಐದಡಿಗೆ ಒಂದಿಂಚು ಕಡಿಮೆ.

ಖಚಿತವಾಗಿ ಗೊತ್ತಿರುವುದು ಇಷ್ಟೇ.
ಉಳಿದದ್ದಕ್ಕೆ ಮೂವತ್ತು ವರ್ಷದಿಂದ ಜಗಳ.

ಒಬ್ಬ ಮತ್ರಾಹ್ ಬಂದರಿನವರ ಸೆಂಟರು,
ಅತ್ಬರಾ ಎಂಬ ರೈಲಿನ ಊರಿಂದ ಬಂದ ಸುಡಾನಿ.
ಹಗಲೆಲ್ಲ ಕ್ರೇನಿನ ಕೆಳಗೆ ನಿಂತು
ಎರಡೇ ಬೆರಳ ಸನ್ನೆಯಲ್ಲಿ ಕಂಟೇನರು ಇಳಿಸುವವನು,
ತೊಟ್ಟಿಲು ಇಳಿಸಿದ ಹಾಗೆ.
ಇನ್ನೊಬ್ಬ ಕಿನ್ನಿಗೋಳಿಯ ಹೆರಾಲ್ಡ್ ಸಲ್ಡಾನಾ,
ಘುಬ್ರಾದಲ್ಲಿ ಕಡಲನ್ನು ಕುದಿಸಿ
ಕುಡಿಯುವ ನೀರು ಮಾಡುವ ಕಾರ್ಖಾನೆಯವನು.

ಶುಕ್ರವಾರ, ಅಸರಿನ ಬಾಂಗ್ ಮುಗಿದ ಮೇಲೆ
ದಾರ್ಸೈತಿನ ಸಿಮೆಂಟು ಕೋರ್ಟಿಗೆ ಪೈಪಿನಲ್ಲಿ ನೀರು ಹೊಡೆಯುತ್ತಿದ್ದರು.
ನೆಲ ಚೊಂಯ್ ಎನ್ನುತ್ತಿತ್ತು, ದೋಸೆಯ ಕಾವಲಿ.
ಹಿಂದೆ ಬರೀ ಬಂಡೆಯ ಗುಡ್ಡ, ಒಂದು ಹುಲ್ಲುಕಡ್ಡಿ ಇಲ್ಲ.
ಅಕ್ಷರ ದುಂಡಗಿದೆಯೆಂದು ಸ್ಕೋರು ಪುಸ್ತಕ ನನ್ನ ಕೈಗೆ ಬಂತು.

ಕಟಿಂಗ್ ಶಾಪಿನ ಹಮ್ಮಬ್ಬ ಹೇಳುವುದು:
"ಹೆರಾಲ್ಡನೇ. ಕೇಳ್ಲಿಕ್ಕೇ ಇಲ್ಲ ಮಾರಾಯ್ತಿ.
ಐದು ವರ್ಷ, ಪಂದ್ಯಕ್ಕೆ ಇಪ್ಪತ್ತಾರು. ನಿನ್ನದೇ ಪುಸ್ತಕ ನೋಡು."
ಬಂದರಿನ ಕ್ಲರ್ಕು ರತ್ನಾಕರ ಶೇರಿಗಾರ್ ಅದಕ್ಕೆ:
"ಕಪ್ಪು ಎಷ್ಟು ಗೆದ್ದ? ಒಂದು. ಇದ್ರಿಸ್ ನಾಲ್ಕು."
"ಪಕ್ಕದಲ್ಲಿ ಯಾರಿದ್ರು ಅದನ್ನೂ ಹೇಳಿ!
ಅವನಿಗೆ ಮಿಂಚಿನಂಥ ಇಬ್ಬರು ಫಿಲಿಪಿನೋಗಳು.
ಇವನಿಗೆ ಮೆಸ್ಸಿನ ಭಟ್ರು, ಮತ್ತೆ ಮೊಣಕಾಲು ಹೋದ ಇಬ್ಬರು."
ವಾದ ಮುಗಿಯುವ ತನಕ
ಯಾರದೋ ಕುತ್ತಿಗೆಯ ಮೇಲೆ ಬ್ಲೇಡು ಸುಮ್ಮನೆ ನಿಂತಿರುತ್ತಿತ್ತು.

ಪುಸ್ತಕ ನೋಡಿದೆ. ಇಪ್ಪತ್ತಾರು ಇದೆ.
ತಡೆದ ಚೆಂಡಿಗೆ ನಮ್ಮಲ್ಲಿ ಕಾಲಮ್ಮೇ ಇರಲಿಲ್ಲ.
ಮುಟ್ಟದೆ ತಡೆದದ್ದಕ್ಕೆ ಎಲ್ಲಿಯೂ ಇಲ್ಲ:
ಒಳನುಗ್ಗಿದ ಹುಡುಗ ತಲೆಯೆತ್ತಿ ಇದ್ರಿಸನನ್ನು ಕಂಡು
ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾದವನಂತೆ
ಚೆಂಡನ್ನು ಬಂದ ದಾರಿಗೇ ಕಳಿಸಿದ್ದು
ಯಾರ ಖಾತೆಗೆ?

ಹೆರಾಲ್ಡನ ಹುಕ್ ಶಾಟು ಬೇರೆಯೇ ಸಂಗತಿ.
ಬೆನ್ನು ಕೊಟ್ಟು, ಭುಜದಿಂದ ಒಮ್ಮೆ ಒತ್ತಿ,
ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿ ಇಡುವವನ ಜಾಗ್ರತೆಯಲ್ಲಿ
ನೋಡದೆಯೇ ಇಟ್ಟುಬಿಡುತ್ತಿದ್ದ.
ಇದ್ರಿಸನೆದುರು ಮಾತ್ರ ಹದಿನಾಲ್ಕು, ಹೆಚ್ಚೆಂದರೆ ಹದಿನೈದು.
ಆ ಹದಿನಾಲ್ಕರ ಅಂಗಿ ಹಿಂಡಿದ್ದರೆ
ಘುಬ್ರಾದ ಬಾಯ್ಲರಿಗೆ ಅರ್ಧ ದಿನದ ಕೆಲಸ.

ಒಮ್ಮೆ ಇದ್ರಿಸನ ಕಿರುಬೆರಳು ಕೀಲು ತಪ್ಪಿತು.
ನಾನು ಎಳೆದು ಕೂರಿಸುವಾಗ ತೋಳು ಹಿಡಿದವನು ಹೆರಾಲ್ಡ್.
ಆಟ ಶುರುವಾದದ್ದೇ
ಅದೇ ಬೆರಳಿನ ಕಡೆಯಿಂದ ನುಗ್ಗಿದ.
ನನಗೆ ಸಿಟ್ಟು ಬಂತು. ಇದ್ರಿಸ್ ನಕ್ಕ.
ಅದು ಮರ್ಯಾದೆ ಎಂದು ತಿಳಿಯಲು
ನನಗೆ ತುಂಬ ಕಾಲ ಹಿಡಿಯಿತು.

ತೊಂಬತ್ತಮೂರರಲ್ಲಿ ಇದ್ರಿಸನ ಕರಾರು ಮುಗಿಯಿತು.
ಮುಂದಿನ ಶುಕ್ರವಾರ ಬಂದರಿನವರು ಒಬ್ಬ ಎಳೆಯನನ್ನು ನಿಲ್ಲಿಸಿದರು.
ಹೆರಾಲ್ಡ್ ನಲವತ್ತೊಂದು.
ಹಮ್ಮಬ್ಬ ಕುಣಿದ. ಶೇರಿಗಾರರು ಎದ್ದು ಹೋದರು.
ಇವನು ಟವೆಲು ಹೊದ್ದು ನನ್ನ ಮೇಜಿಗೆ ಬಂದು,
"ಸಿಸ್ಟರ್, ಬರೀಬೇಡಿ."
ಯಾಕೆ ಎಂದೆ.
"ಯಂತ್ರದಿಂದ ಬಂದ ನೀರು ಹಾಗೇ ಕುಡೀಲಿಕ್ಕೆ ಆಗುದಿಲ್ಲ,
ರುಚಿಯೇ ಇರುದಿಲ್ಲ.
ಸುಣ್ಣದ ಕಲ್ಲಿನ ಮೇಲೆ ಹಾಯಿಸ್ಬೇಕು."
ಅಷ್ಟು ಹೇಳಿ ಕಂಪನಿಯ ಬಸ್ಸು ಹತ್ತಿದ.

ಬರೆದೆ, ಪೆನ್ಸಿಲಿನಲ್ಲಿ.
ಈಗ ಬೆಳಕಿಗೆ ಹಿಡಿದರೆ ಒಂದು ಮಾತ್ರ ಕಾಣುತ್ತದೆ.

ಹಮ್ಮಬ್ಬ ಇವತ್ತಿಗೂ ಬಿಟ್ಟಿಲ್ಲ:
"ಹತ್ತಿರದಿಂದ ಕಂಡವಳು ನೀನೊಬ್ಬಳೇ, ಹೇಳು, ಯಾರು ದೊಡ್ಡವ?"
ಮೂರು ಬೆರಳು, ಒಂದೂವರೆ, ಎನ್ನುತ್ತೇನೆ.

ಆದರೆ ಅದೂ ಸರಿಯಲ್ಲ.
ಸ್ಟೂಲಿನ ಮೇಲಿಂದಲೂ ನನ್ನ ಕೈ ಎಟುಕದೆ
ಅವತ್ತು ಇಬ್ಬರೂ ಸ್ವಲ್ಪ ಬಗ್ಗಿದ್ದರು.
ಯಾರು ಎಷ್ಟು ಬಗ್ಗಿದರೆಂದು
ಬರೆದುಕೊಳ್ಳಲಿಲ್ಲ.